ಕೆಲಸದ ಹೊತ್ತಿನ ನೋವು

ಆಸ್ಪತ್ರೆಯ ಕೋಣೆಯಲ್ಲಿ ಮರದ ಮೆಟ್ಟಿಲು ಇದ್ದದ್ದು ಎರಡೇ. ಈ ಕಡೆಯಿಂದ ಹತ್ತಿ ಆ ಕಡೆಗೆ ಇಳಿಯಬೇಕು, ತಿರುಗಿ ಮತ್ತೆ ಹತ್ತಬೇಕು. ಡಾಕ್ಟರ್ ನೀಲಕಂಠಸ್ವಾಮಿ ಕೈಗಡಿಯಾರ ನೋಡುತ್ತಾ ಎಣಿಸುತ್ತಿದ್ದರು. ಅವರು ಹತ್ತು ಎನ್ನುವ ಹೊತ್ತಿಗೆ ಗುರುಶಾಂತಮ್ಮನ ಎದೆಯೊಳಗೆ ಅದೇ ಹಿಡಿತ ಶುರುವಾಯಿತು. ನೋವು ಬಂದ ಕೂಡಲೇ ಹೇಳಬೇಕೆಂದು ಅವರು ಮೊದಲೇ ಎಚ್ಚರಿಸಿದ್ದರು. ಅವಳು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಹನ್ನೊಂದನೆಯ ಸಲ ಹತ್ತಿದಳು.

ಒಂದು ವರ್ಷದಿಂದ ಹೀಗೆ. ಸಾಲಿಗ್ರಾಮದ ಹೊಳೆಯಿಂದ ಬಿಂದಿಗೆ ಹೊತ್ತು ದಡ ಹತ್ತುವಾಗ, ರಾಗಿ ಬೀಸುವಾಗ, ಎದೆಯ ಮೇಲೆ ಯಾರೋ ಗುಂಡುಕಲ್ಲು ಹೇರಿದಂತಾಗುತ್ತಿತ್ತು. ಎರಡು ನಿಮಿಷ ಕೂತರೆ ಮಾಯ. ಅವಳು ಕೂತದ್ದನ್ನಷ್ಟೇ ಎಲ್ಲರೂ ನೋಡಿದ್ದು. ಓರಗಿತ್ತಿ ಸಿದ್ದಲಿಂಗಮ್ಮ ಅದಕ್ಕೆ ‘ಕೆಲಸದ ಹೊತ್ತಿನ ನೋವು’ ಎಂದು ಹೆಸರಿಟ್ಟಳು. ಗಂಡ ಚಿಕ್ಕಬಸಪ್ಪ ಬಾಯಿಬಿಟ್ಟು ಏನೂ ಅಂದವನಲ್ಲ. ಆದರೆ ಆ ಮಾತಿಗೆ ನಕ್ಕಿದ್ದ.

ಮೈಸೂರಿನ ಡಾಕ್ಟರು ತಿಂಗಳಿಗೊಮ್ಮೆ ಕೃಷ್ಣರಾಜನಗರಕ್ಕೆ ಹೃದಯದ ಗೆರೆ ಬರೆಯುವ ಮಿಷನ್ನು ತರುತ್ತಾರೆಂದು ಕೇಳಿ, ಅವಳನ್ನು ಕರೆತಂದವನೂ ಅವನೇ. ಹೋದ ತಿಂಗಳು ಮಲಗಿಸಿ ಗೆರೆ ತೆಗೆದಾಗ ಯಾವ ದೋಷವೂ ಕಾಣಲಿಲ್ಲ. ಮಿಷನ್ನಿನಲ್ಲಿ ಏನೂ ಇಲ್ಲವಂತೆ ಎಂದು ಅವನು ಮನೆಯಲ್ಲೆಲ್ಲ ಹೇಳಿದ. ಅಂದಿನಿಂದ ಅವಳು ದಡದಲ್ಲಿ ಕೂರುವುದನ್ನೇ ಬಿಟ್ಟಿದ್ದಳು.

ಡಾಕ್ಟರಿಗೆ ಮಾತ್ರ ಸಮಾಧಾನವಾಗದೆ ಮತ್ತೆ ಬರಹೇಳಿದ್ದರು. ನೋವು ಯಾವಾಗ ಬರುತ್ತದೆ ಎಂದು ಇವತ್ತು ಕೇಳಿದಾಗ ಅವಳು ತಪ್ಪೊಪ್ಪಿಕೊಳ್ಳುವವಳ ಹಾಗೆ ತಲೆ ತಗ್ಗಿಸಿ, ಕೆಲಸ ಮಾಡುವಾಗ ಮಾತ್ರ ಎಂದಳು.

"ಅದಕ್ಕೇ ಕಣಮ್ಮ, ಮಲಗಿದ್ದಾಗ ಅದು ನಮಗೆ ಸಿಗಲಿಲ್ಲ," ಎಂದರು ಡಾಕ್ಟರು. "ಇವತ್ತು ಕೆಲಸ ಕೊಟ್ಟು ನೋಡೋಣ."

ಹದಿನೈದು. ನೋವು ದವಡೆಗೆ ಏರಿತು. ಈಗ ನಿಂತರೆ, ಮಲಗುವಷ್ಟರಲ್ಲಿ ಅದು ಹೊರಟುಹೋದರೆ? ಇವತ್ತೂ ಏನೂ ಕಾಣದಿದ್ದರೆ ಅವಳು ಸಾಯುವವರೆಗೂ ಮೈಗಳ್ಳಿಯೇ. ಹದಿನಾರು. ಹೇಗಿದೆ ಎಂದು ಡಾಕ್ಟರು ಕೇಳಿದರು. ಚೆನ್ನಾಗಿದ್ದೇನೆ ಎಂದಳು. ತಿರುಗುವಾಗ ಗೋಡೆ ಸ್ವಲ್ಪ ವಾಲಿದಂತೆ ಕಂಡಿತು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಕಣ್ಣಿಗಿಳಿಯಿತು.

"ನಿಲ್ಲಿಸ್‌ಬುಡಿ ಡಾಕ್ಟ್ರೇ." ಬೆಂಚಿನ ಮೇಲಿದ್ದ ಚಿಕ್ಕಬಸಪ್ಪ ಎದ್ದು ನಿಂತಿದ್ದ. "ಅವ್ಳು ಯೋಳಕ್ಕಿಲ್ಲ. ಮಖ ನೋಡಿ."

ಡಾಕ್ಟರು ಅವಳ ರಟ್ಟೆ ಹಿಡಿದು ಮಂಚಕ್ಕೆ ಕರೆದೊಯ್ದರು. ಕೈಕಾಲಿಗೆ ಕಟ್ಟಿದ್ದ ಪಟ್ಟಿಗಳಿಗೆ ವೈರು ಸಿಕ್ಕಿಸಿದರು. ಕಾಗದ ಕಿರುಗುಟ್ಟುತ್ತಾ ಹೊರಬರತೊಡಗಿತು. ನೋವು ಬಿಡಬಾರದು, ಇನ್ನೊಂದು ಗಳಿಗೆ ಇರಲಿ ಎಂದು ಗುರುಶಾಂತಮ್ಮ ಕತ್ತಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಳು.

ಡಾಕ್ಟರು ಅವಳ ನಾಲಗೆಯ ಕೆಳಗೆ ಒಂದು ಸಣ್ಣ ಮಾತ್ರೆ ಇಟ್ಟರು. ಆಮೇಲೆ ಹೋದ ತಿಂಗಳ ಕಾಗದವನ್ನೂ ಇವತ್ತಿನದನ್ನೂ ಜೊತೆಗಿಟ್ಟು ಚಿಕ್ಕಬಸಪ್ಪನಿಗೆ ತೋರಿಸಿದರು. ಇವತ್ತಿನ ಗೆರೆ ಒಂದು ಕಡೆ ತಗ್ಗಿತ್ತು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿರಬೇಕು, ಮೈ ದಣಿದಾಗ ರಕ್ತ ಸಾಲುತ್ತಿಲ್ಲ ಎಂದರು. ಇನ್ನು ನೀರು ಹೊರುವಂತಿಲ್ಲ, ಬೀಸುವಂತಿಲ್ಲ.

"ಅಂಗಾರೆ ನಂದು ಸುಳ್ಳಲ್ಲ, ಅಲ್ವಾ ಸ್ವಾಮಿ?" ಎಂದಳು ಗುರುಶಾಂತಮ್ಮ.

"ಸುಳ್ಳಲ್ಲಮ್ಮ."

ಅವಳಿಗೆ ನಗು ಬಂತು. ಮಾತ್ರೆ ಕರಗಿ ಎದೆಯ ಹಿಡಿತ ಸಡಿಲವಾಗುತ್ತಾ ಬಂದಂತೆ, ಡಾಕ್ಟರು ಹೇಳಿದ್ದೇನೆಂಬುದು ನಿಧಾನವಾಗಿ ಅರ್ಥವಾಗಿ ಆ ನಗು ನಿಂತಿತು. ಚಿಕ್ಕಬಸಪ್ಪ ಆ ಎರಡು ಕಾಗದಗಳಿಂದ ಕಣ್ಣು ತೆಗೆದಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಪೇಟೆಬೀದಿಯಲ್ಲಿ ಹೋಗಬೇಕಿತ್ತು. ಅವನು ಎಂದಿನಂತೆ ಬಿರಬಿರನೆ ಮುಂದೆ ಹೋದ. ಇಪ್ಪತ್ತು ಹೆಜ್ಜೆಗೆ ತಡೆದು, ಒಂದು ಜವಳಿ ಅಂಗಡಿಯ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದುತ್ತಾ ನಿಂತ. ಅವಳು ಹತ್ತಿರ ಬಂದಳು. ಆಮೇಲಷ್ಟೇ ಹೊರಟ. ಸ್ವಲ್ಪ ದೂರ ನಡೆದು ಅವನು ಮತ್ತೊಂದು ಬೋರ್ಡಿನ ಮುಂದೆ ನಿಂತ.