ಮುರಿಯದೇ ಉಳಿದ ತುಂಡು

ಆ ಪ್ರಯೋಗಾಲಯದಲ್ಲಿ ಎಲ್ಲರೂ ಸಂಬಳ ತೆಗೆದುಕೊಳ್ಳುತ್ತಿದ್ದದ್ದು ಉಕ್ಕು ಮುರಿಯಲಿ ಎಂದು ಕಾಯುವುದಕ್ಕೆ. ಬೆರಳುದ್ದದ ತುಂಡನ್ನು ಯಂತ್ರದ ಎರಡು ಹಿಡಿಗಳ ನಡುವೆ ಬಿಗಿದು, ಸುತ್ತ ಕುಲುಮೆ ಮುಚ್ಚಿ, ಕೆಂಪಗೆ ಕಾಯಿಸಿ, ಎಳೆಯುವುದು, ಒತ್ತುವುದು, ಮತ್ತೆ ಎಳೆಯುವುದು. ವಿದ್ಯುತ್ ಸ್ಥಾವರದ ಹಬೆ ಕೊಳವೆಗಳು ವರ್ಷಗಟ್ಟಲೆ ಪಡುವ ಪಾಡನ್ನು ಆ ತುಂಡು ಕೆಲವೇ ತಿಂಗಳಲ್ಲಿ ಪಟ್ಟು, ಕಡೆಗೊಮ್ಮೆ ದಣಿದು ಮುರಿಯುತ್ತದೆ. ಎಷ್ಟು ತಾಳಿತು ಎಂಬುದೇ ಫಲಿತಾಂಶ.

ಮೂಲೆಯ ಕುಲುಮೆಯೊಳಗಿನ ತುಂಡು ಮಾತ್ರ ಮುರಿಯಬಾರದು ಎಂದು ಮೆಕ್ಯಾನಿಕ್ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಅದನ್ನು ಬಿಗಿದವಳು ಅವನ ಹೆಂಡತಿ. ಅವಳು ಅಲ್ಲಿನ ವಿಜ್ಞಾನಿ, ಉಕ್ಕೂ ಅವಳದೇ. ಹದ ಬದಲಿಸಿ ಎರಕ ಹೊಯ್ಯಿಸಿ, ಹಳೆಯದಕ್ಕಿಂತ ಎರಡರಷ್ಟು ತಾಳುತ್ತದೆ ಎಂದು ಪಟ್ಟು ಹಿಡಿದಿದ್ದಳು. ಗಂಡ ಹೆಂಡತಿ ಅಲ್ಲಿ ನಿಂತು ವಾದಕ್ಕಿಳಿದರೆ ಕುಲುಮೆಗೆ ಕರೆಂಟೇ ಬೇಡ ಎಂದು ಜೊತೆಯವರು ನಗುತ್ತಿದ್ದರು. "ಸರೀರಿ ಆ ಕಡೆ, ನಟ್ಟು ನಾನೇ ಬಿಗೀತೀನಿ," ಎಂದು ಅವನನ್ನು ತಳ್ಳಿ ತಾನೇ ಬಿಗಿದಳು. ಮರುವಾರ ಆಸ್ಪತ್ರೆ ಸೇರಿದವಳು ಮನೆಗೆ ಬರಲೇ ಇಲ್ಲ.

ಅವಳ ಬಟ್ಟೆಬರೆಯನ್ನು ನಾದಿನಿ ಬಂದು ಮಡಿಸಿ ಒಯ್ದಳು. ಹೆಂಡತಿಯ ಕೈ ಮಾಡಿದ ಕೆಲಸ ಹಾಗೆಯೇ ಉಳಿದದ್ದು ಆ ಯಂತ್ರದಲ್ಲಿ ಮಾತ್ರ. ತುಂಡು ಮುರಿದರೆ ನಟ್ಟು ಬಿಚ್ಚಲೇಬೇಕು.

ಅದಕ್ಕೇ ಅವನು ಮಾಡಬಾರದ್ದನ್ನು ಮಾಡಿದ. ಬೈಯುವವರು ಒಂದು ಗಳಿಗೆ ತಡೆಯಿರಿ, ಅವನನ್ನು ಅವನೇ ಸಾಕಷ್ಟು ಬೈದುಕೊಂಡಿದ್ದಾನೆ. ಶಾಖ ಅಳೆಯುವ ತಂತಿಯ ತುದಿಯನ್ನು ತುಂಡಿನಿಂದ ಬಿಡಿಸಿ, ಕುಲುಮೆಯನ್ನು ಕಾಯಿಸುವ ಸುರುಳಿಯ ಕಡೆಗೆ ಚೂರೇ ಚೂರು ಸರಿಸಿದ. ತುದಿಗೆ ಬಿಸಿ ಹೆಚ್ಚು ತಾಗಿತು. ಆ ತಂತಿಯ ಅಳತೆಯನ್ನೇ ನಂಬಿ ನಡೆಯುವ ಕುಲುಮೆ ತಾನಾಗಿಯೇ ಶಾಖ ತಗ್ಗಿಸಿಕೊಂಡಿತು. ಮೀಟರು ಮೊದಲಿನ ಅಂಕಿಯನ್ನೇ ತೋರಿಸುತ್ತಿತ್ತು, ಒಳಗೆ ಉಕ್ಕು ಮಾತ್ರ ಕಾಯಬೇಕಾದಷ್ಟು ಕಾಯುತ್ತಿರಲಿಲ್ಲ.

ತುಂಡು ತಾಳಿತು. ಎರಡರಷ್ಟು ತಾಳಿತು, ಆಮೇಲೂ ತಾಳಿತು. ಒಂದು ಬೆಳಿಗ್ಗೆ ಹೆಂಡತಿಯ ಶಿಷ್ಯೆ ಕಣ್ಣು ತುಂಬಿಕೊಂಡು ಓಡಿ ಬಂದಳು.

"ಅಣ್ಣಾ, ಮೇಡಂ ಗೆದ್ದುಬಿಟ್ರು! ಸ್ಥಾವರದವರು ಈ ಉಕ್ಕಲ್ಲೇ ಕೊಳವೆ ಮಾಡಿಸ್ತಾರಂತೆ. ಇದಕ್ಕೆ ಮೇಡಂ ಹೆಸರೇ ಇಡೋಣ ಅಂದ್ರು ಡೈರೆಕ್ಟರು."

ಆ ಕೊಳವೆಗಳ ಕೆಳಗೆ ಜನ ಕೆಲಸ ಮಾಡುತ್ತಾರೆ, ಅಲ್ಲೇ ಡಬ್ಬಿ ಬಿಚ್ಚಿ ಊಟ ಮಾಡುತ್ತಾರೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಹಾಳಾಗಿ ಹೋಗಲಿ. ಆದರೆ ತುಂಡೂ ಹೋಗುತ್ತದಲ್ಲ ಎಂದುಕೊಂಡು ಮೂಲೆಯ ಕುಲುಮೆಯ ಕಡೆ ನೋಡಿದ.

"ಗೆದ್ದಿಲ್ಲಮ್ಮ," ಎಂದ. "ನಾನು ತಂತಿ ಸರಿಸಿದೀನಿ."

ಅವಳು ಕುಲುಮೆಯ ಕಿಂಡಿಯಲ್ಲಿ ಬಗ್ಗಿ ನೋಡಿ, ಹಾಗೇ ಸ್ಟೂಲಿನ ಮೇಲೆ ಕುಸಿದಳು.

"ಯಾವಾಗಿಂದ?"

"ಅವಳು ಹೋದಾಗಿಂದ."

"ಅಯ್ಯೋ... ಯಾಕಣ್ಣಾ?"

"ಮುರಿದ್ರೆ ಬಿಚ್ಚಬೇಕಲ್ಲಮ್ಮ."

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಈಗ ತಂತಿ ಸರಿಯಾಗಿ ಕಟ್ತೀನಿ," ಎಂದ ಅವನು. "ಎಷ್ಟು ಬಿಸಿ ಬೇಕೋ ಅಷ್ಟು ಕೊಡು. ಮುರಿದ್ರೆ ಮುರೀಲಿ."

"ಆಗಲ್ಲಣ್ಣಾ. ಇಷ್ಟು ದಿನ ಎಷ್ಟು ಬಿಸೀಲಿತ್ತು ಅಂತ ಯಾರಿಗೆ ಗೊತ್ತು? ಇನ್ನು ಮುರಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಆ ಎರಕದಲ್ಲಿ ಉಳಿದಿದ್ದು ಇದೊಂದೇ ತುಂಡು."

"ಹಾಗಾದ್ರೆ ಅವಳು ಹೇಳಿದ್ದು ನಿಜಾನಾ, ಸುಳ್ಳಾ?"

"ಈ ತುಂಡಿಂದ ಅದಿನ್ನು ಗೊತ್ತಾಗಲ್ಲಣ್ಣಾ," ಎಂದು ಅವಳು ಮುಖ ಆ ಕಡೆ ತಿರುಗಿಸಿದಳು.

ಡೈರೆಕ್ಟರು ಅವನನ್ನು ಅಂದೇ ಕೆಲಸದಿಂದ ತೆಗೆದರು. ಅದು ನ್ಯಾಯವೇ. ಆದರೆ ಇನ್ನೊಂದು ಎರಕ ಹೊಯ್ಯಿಸಿ ನೋಡೋಣ ಎಂದು ಶಿಷ್ಯೆ ಎಷ್ಟು ಗೋಗರೆದರೂ ಒಪ್ಪಲಿಲ್ಲ. ಮೋಸದ ವಾಸನೆ ಹತ್ತಿದ ಉಕ್ಕಿನ ಸಹವಾಸವೇ ಬೇಡ ಎಂದುಬಿಟ್ಟರು.

ಕುಲುಮೆ ಆರಿದ ಮೇಲೆ ನಟ್ಟು ಬಿಚ್ಚಲು ಅವನನ್ನೇ ಬಿಟ್ಟರು. ತುಂಡನ್ನು ಚೀಲಕ್ಕೆ ಹಾಕಿ ಸಂಖ್ಯೆ ಬರೆಯುವುದು ಅಲ್ಲಿನ ರೂಢಿ. ಶಿಷ್ಯೆ ಚೀಲ ತರಲಿಲ್ಲ.

"ನೀವೇ ಇಟ್ಕೊಳ್ಳಿ ಅಣ್ಣ," ಎಂದಳು. "ಇದು ಇನ್ನು ಯಾರಿಗೂ ಬೇಡ."

ಬೇಡಿಕೊಂಡಂತೆಯೇ ತುಂಡು ಇಡಿಯಾಗಿ ಅವನ ಕೈಗೆ ಬಂದಿತ್ತು, ಎಲ್ಲೂ ಒಂದು ಬಿರುಕಿರಲಿಲ್ಲ. ಹೆಂಡತಿಯ ಮಾತು ಸುಳ್ಳಾಗಿದ್ದರೂ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಅದು ನಿಜವಾಗುವ ದಾರಿಯನ್ನೇ ತಾನು ಮುಚ್ಚಿದೆ ಎಂಬುದನ್ನು ಸಹಿಸಲಾರದೆ ಯಂತ್ರದ ಪಕ್ಕ ನೆಲದ ಮೇಲೆ ಕೂತು ಅತ್ತ. ಹೆಂಡತಿ ಸತ್ತ ದಿನವೂ ಅವನು ಅಷ್ಟು ಅತ್ತಿರಲಿಲ್ಲ.