ಅದಾಲತ್ತಿನಲ್ಲಿ ಗುರಮ್ಮ ಹೇಳಿದ ಖರೆ

ಗಂಡ ಹೆಂಡತಿ ಬೇರೆಯಾದರೆ ಹಂಡೆ, ಹಾಸಿಗೆ ಹಂಚಿಕೊಳ್ಳಬಹುದು. ಕೂಸನ್ನು ಹೇಗೆ ಹಂಚುತ್ತೀರಿ? ನಾರಾಯಣಪೇಟೆಯಲ್ಲಿ ಸೀರೆ ನೇಯುತ್ತಿದ್ದ ಸಂಗಮ್ಮನಿಗೆ ಈ ತಾಪತ್ರಯ ಬಂದದ್ದು ೧೯೪೮ರ ಪೊಲೀಸ್ ಆ್ಯಕ್ಷನ್ ಮುಗಿದು, ಹೈದರಾಬಾದಿನಲ್ಲಿ ಹೊಸ ಸರ್ಕಾರ ಕೂತ ಮೇಲೆ. ಬೇರೆಯಾಗಿದ್ದ ಗಂಡ ಭೀಮಣ್ಣ ಗದ್ವಾಲದಲ್ಲಿ ಶೇಂಗಾ ವ್ಯಾಪಾರಿ, ದೊಡ್ಡ ಮನೆಯವನು. ಆರು ವರ್ಷದ ಮಗಳು ಗುರಮ್ಮ ತನಗೇ ಬೇಕೆಂದು ಅದಾಲತ್ತಿಗೆ ಅರ್ಜಿ ಹಾಕಿದ್ದ. "ಮಗ್ಗದ ಕುಣ್ಯಾಗ ಕಾಲಿಟ್ಟು ಕುಂದ್ರಾಕಿ ಏನ್ ಕೂಸು ಸಾಕ್ತಾಳ?" ಎಂದು ಊರ ತುಂಬ ಆಡಿಕೊಂಡಿದ್ದ.

ಅದನ್ನು ಕೇಳಿ ಸಂಗಮ್ಮ ಏನು ಮಾಡಿದಳು ಗೊತ್ತೇ? ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿದಳು. ನೇಯುವಾಗ ಕಾಲು ಇಳಿಬಿಡುವ ಕುಣಿಗೆ ಹಲಗೆ ಮುಚ್ಚಿ ಮೇಲೆ ಜಮಖಾನೆ ಹಾಸಿದಳು. ನೆರೆಮನೆಯ ವೀರಬಸಮ್ಮನ ಬಂಗಾರದ ಸರ ಹಾಕಿಕೊಂಡು ಸಾಹುಕಾರ್ತಿಯಂತೆ ಕೂತಳು. ಸಾಲದ್ದಕ್ಕೆ ಮಗಳಿಗೆ "ಅಪ್ಪ ಕೆಟ್ಟವ ಅನ್ನು" ಎಂದು ಪಾಠ ಬೇರೆ.

ಆಗ ಅವಳ ವಕೀಲರು ಮಹಾಂತಯ್ಯ ಬಂದರು. ದಢೂತಿ ಆಳು. ಜಮಖಾನೆಯ ಮೇಲೆ ಕೂತದ್ದೇ ತಡ, ಹಲಗೆ ಲಟಕ್ಕೆಂದಿತು, ವಕೀಲರು ಕುಣಿಯೊಳಗೆ! ಗುರಮ್ಮ ಬಿದ್ದು ಬಿದ್ದು ನಕ್ಕಳು. ವಕೀಲರಿಗೂ ನಗು ತಡೆಯಲಾಗಲಿಲ್ಲ.

"ಏನವ್ವಾ ಇದು? ನಿನ್ನ ಮಗ್ಗ ಎಲ್ಲಿ?"

"ಅಟ್ಟದ ಮ್ಯಾಲೆ ಐತ್ರಿ ಅಯ್ಯಾರ. ಈ ಸರಾನೂ ಬಾಜೂ ಮನಿಯವ್ರದ್ರಿ. ನನ್ನ ಬಡತನ ಕಂಡ್ರ ಕೂಸು ಕೊಡ್ತಾರೇನ್ರಿ?"

"ಅದಾಲತ್ತು ಬಂಗಾರ ನೋಡಂಗಿಲ್ಲ. ಕೂಸಿಗೆ ಯಾವ ಮನ್ಯಾಗ ಚಲೋ ಆಗ್ತೈತಿ ಅಂತ ನೋಡ್ತೈತಿ. ಉಣಿಸೋರು ಯಾರು, ಜ್ವರ ಬಂದ್ರ ಬಾಜೂಕ ಕುಂದ್ರೋರು ಯಾರು, ಸಾಲಿಗೆ ಕಳಸ್ತಾರೇನು, ಕುಡಿತ ಬಡಿತ ಐತೇನು. ನೀ ದುಡದು ಸಾಕ್ತಿ. ಅದನ್ನ ಯಾಕ ಮುಚ್ಚಿಡ್ತಿ? ಸರ ತಿರುಗಿ ಕೊಟ್ಟು ಬಾ."

"ಕೂಸು ಅವರಪ್ಪನ್ನ ಬೈದ್ರರ ನಂಬ್ತಾರಲ್ಲರಿ?"

"ಕೂಸಿಗೆ ಹೊಡದಾನೇನು? ಹೊಡದಿದ್ರ ಹೇಳಲೇಬೇಕು."

ಸಂಗಮ್ಮ ತಲೆ ತಗ್ಗಿಸಿದಳು. "ಇಲ್ರಿ. ಮಗಳಂದ್ರ ಜೀವ ಅವರಿಗೆ."

"ಹಂಗಾರ ಕೂಸಿನ ಬಾಯಾಗ ಸುಳ್ಳು ತುರುಕಬ್ಯಾಡ. ಜಡ್ಜ್ ಸಾಹೇಬ್ರಿಗೆ ಗೊತ್ತಾಗೇ ಆಗ್ತೈತಿ."

ಸಂಗಮ್ಮನಿಗೆ ಅರ್ಧಂಬರ್ಧ ನಂಬಿಕೆ. ಆದರೂ ಮಗ್ಗ ಇಳಿಸಿದಳು, ಸರ ಕೊಟ್ಟಳು, ಮಗಳಿಗೆ ಬುದ್ಧಿ ಹೇಳಿದಳು.

ವಿಚಾರಣೆಯ ದಿನ ಜಡ್ಜ್ ಸಾಹೇಬರು ಭೀಮಣ್ಣನನ್ನು ಕೇಳಿದರು: "ನಿಮ್ಮ ಮಗಳಿಗೆ ಊಟದಾಗ ಏನು ಸೇರ್ತೈತಿ?" ಭೀಮಣ್ಣ ತಬ್ಬಿಬ್ಬಾಗಿ ತನ್ನ ಗುಮಾಸ್ತನ ಮುಖ ನೋಡಿದ! ಆಮೇಲೆ ಸಾಹೇಬರು ಗುರಮ್ಮನನ್ನು ಹತ್ತಿರ ಕರೆದರು.

"ಅವ್ವ ನೇಯ್ಕೋಂತ ಪಾಠ ಒಪ್ಪಸ್ಕೊಂತಾಳ್ರಿ. ನನಗ ಜ್ವರ ಬಂದ್ರ ನೇಯೋದು ಬಿಡ್ತಾಳ್ರಿ," ಎಂದಳು ಗುರಮ್ಮ.

"ಮತ್ತ ಅಪ್ಪ?"

"ಅಪ್ಪ ಭಾಳ ಚಲೋ ಅದಾನ್ರಿ. ಅವ್ವ ಮೊದ್ಲ 'ಕೆಟ್ಟವ ಅನ್ನು' ಅಂದಿದ್ಲು. ಆಮ್ಯಾಲೆ 'ಬ್ಯಾಡವ್ವ, ನಂದು ತಪ್ಪಾತು, ಖರೇನ ಹೇಳು' ಅಂದ್ಲು."

ಅದಾಲತ್ತು ಗೊಳ್ಳೆಂದಿತು. ಮಗಳು ಕೈತಪ್ಪಿದಳೆಂದೇ ಸಂಗಮ್ಮ ತಿಳಿದಳು.

ಸಾಹೇಬರೂ ನಗುತ್ತ ಹೇಳಿದರು: "ಸುಳ್ಳು ಕಲಿಸಿದ್ದು ತಪ್ಪು. ಆದ್ರ ಸೋತ್ರೂ ಸರಿ, ಕೂಸು ಖರೆ ಹೇಳ್ಲಿ ಅಂದಾಳ ಈ ತಾಯಿ. ದಿನಾ ನೋಡ್ಕೊಳ್ಳೋಳೂ ಈಕಿನ. ಕೂಸು ಈಕಿ ಹತ್ರ ಇರಲಿ. ಅಪ್ಪ ಬಂದು ನೋಡ್ಲಿ, ಹಬ್ಬಕ್ಕ ಕರ್ಕೊಂಡು ಹೋಗ್ಲಿ."

ಸಂಗಮ್ಮ ಮಗಳನ್ನು ಬಾಚಿ ತಬ್ಬಿಕೊಂಡಳು. ಆ ಹೊತ್ತಿನ ಸಂತೋಷ ಹೇಳತೀರದು. ಹೊರಗೆ ಭೀಮಣ್ಣ ತಲೆ ಕೆರೆದುಕೊಂಡು ನಿಂತಿದ್ದ. "ಬರೋ ಐತಾರ ಬರ್ಲೇನು?"

"ಬರ್ರಿ," ಎಂದಳು ಸಂಗಮ್ಮ, "ಉಂಡು ಹೋಗೂವಂತ್ರಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಜಗಳ ಬಂದರೆ ಸಿರಿವಂತಿಕೆಯ ವೇಷ ಹಾಕಬೇಡಿ. ತಿಳಿದ ವಕೀಲರನ್ನು ಕಾಣಿ. ಕೂಸಿಗೆ ದಿನವೂ ಏನು ಮಾಡುತ್ತೀರೋ ಅದನ್ನೇ ಹೇಳಿ. ಹಿಂಸೆ ಇದ್ದರೆ ಹೆದರದೆ ಹೇಳಿ, ಇಲ್ಲದ್ದನ್ನು ಹುಟ್ಟಿಸಬೇಡಿ. ಜಗಳ ನಿಮ್ಮಿಬ್ಬರದು, ಕೂಸಿನದಲ್ಲ.