ಐದು ಕಾಲಿನ ಆನೆ

ಇದರಲ್ಲಿ ಒಂದು ಹೊಲಿಗೆಯಷ್ಟೂ ಸುಳ್ಳಿಲ್ಲ. ಸುಳ್ಳು ಅಂತ ಯಾರಾದರೂ ತೋರಿಸಿಕೊಟ್ಟರೆ ಅರ್ಧ ಮೀಸೆ ಬೋಳಿಸಿಕೊಂಡು ಈ ಬೀದಿಯ ಉದ್ದಕ್ಕೂ ನಡೆದುಹೋಗುತ್ತೇನೆ. ನೀವು ಏಣಿ ಕೇಳಲು ಬಂದವರು, ಗೊತ್ತು. ಏಣಿಗೆ ಕಾಲಿದ್ದರೂ ಅದೇನೂ ಓಡಿಹೋಗುವುದಿಲ್ಲ. ಎರಡು ನಿಮಿಷ ಮೆಟ್ಟಿಲ ಮೇಲೆ ಕೂತುಕೊಳ್ಳಿ. ಕಾಲಿನ ವಿಷಯವೇ ಹೇಳಬೇಕಾಗಿರುವುದು.

ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಮೂರನೆಯ ಮಹಡಿಯಲ್ಲಿ, ಒಂದು ಸಂಸಾರವಿತ್ತು. ಅಪ್ಪ ಬಸ್ ಕಂಡಕ್ಟರ್. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಮಕ್ಕಳಿಬ್ಬರು, ಅಕ್ಕ ಮತ್ತು ತಮ್ಮ. ಆ ಮನೆಯಲ್ಲಿ ವರ್ಷವಿಡೀ ಹರಿದ ಸ್ವೆಟರು, ಹಿಮ್ಮಡಿ ಹೋದ ಕಾಲುಚೀಲ, ಒಂಟಿ ಕೈಗವಸು ಯಾವುದನ್ನೂ ಎಸೆಯುತ್ತಿರಲಿಲ್ಲ. ಎಲ್ಲ ಮಂಚದ ಕೆಳಗಿನ ತಗಡಿನ ಟಬ್ಬಿಗೆ. ವರ್ಷದ ಕೊನೆಯ ರಜೆ ಶುರುವಾದ ದಿನ ಬೆಳಿಗ್ಗೆ ಅಮ್ಮ ಆ ಟಬ್ಬನ್ನು ಎಳೆದು, ಕುದಿಯುವ ನೀರು ಸುರಿದು, ಸೋಪು ಹಾಕಿ ತಿಕ್ಕಲು ಕೂರುತ್ತಿದ್ದಳು. ಉಣ್ಣೆಗೆ ಬಿಸಿನೀರು ತಾಗಿದರೆ ಅದು ಮುದುಡಿ, ದಪ್ಪಗಾಗಿ, ಎಳೆ ಎಳೆ ಕಚ್ಚಿಕೊಂಡು ಫೆಲ್ಟ್ ಆಗುತ್ತದೆ. ಬೇರೆ ಮನೆಗಳಲ್ಲಿ ಇದಕ್ಕೆ ಸ್ವೆಟರ್ ಹಾಳಾಯಿತು ಎನ್ನುತ್ತಾರೆ, ಆ ಮನೆಯಲ್ಲಿ ಸ್ವೆಟರ್ ತಯಾರಾಯಿತು ಎನ್ನುತ್ತಿದ್ದರು. ಅಮ್ಮ ತಿಕ್ಕಿದ ಫೆಲ್ಟ್ ಎಂಥದ್ದೆಂದರೆ, ಒಮ್ಮೆ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಬಿದ್ದು, ಪುಟಿದು, ವಾಪಸು ಮೇಜಿನ ಮೇಲೇ ಹೋಗಿ ಕೂತಿತ್ತು. ಕೂತದ್ದೂ ನೆಟ್ಟಗೆ.

ಆ ಫೆಲ್ಟಿನಲ್ಲಿ ಹಕ್ಕಿ, ಮೀನು, ನಕ್ಷತ್ರ ಕತ್ತರಿಸಿ, ಎರಡೆರಡು ತುಂಡು ಜೋಡಿಸಿ ಅಂಚು ಹೊಲಿದು, ಹೊಟ್ಟೆಗೆ ಚೂರುಪಾರು ತುಂಬಿ ತೋರಣಕ್ಕೆ ಪೋಣಿಸುವುದು. ನಡುನಡುವೆ ಉಲ್ಲನ್ ಚೆಂಡುಗಳು. ಎರಡು ಬೆರಳಿಗೆ ನೂಲು ಸುತ್ತಿ, ನಡುವೆ ಬಿಗಿದು, ಎರಡೂ ಕಡೆ ಕತ್ತರಿಸಿದರೆ ಚೆಂಡು. ಅಮ್ಮ ಮಾತಾಡುತ್ತ ಸುತ್ತುತ್ತಿದ್ದಳು. ಪಕ್ಕದ ಮನೆಯ ಸುದ್ದಿ ರಸವತ್ತಾಗಿದ್ದರೆ ಚೆಂಡು ಕುಂಬಳಕಾಯಿಯ ಗಾತ್ರ ಆಗುತ್ತಿತ್ತು.

ನಿಯಮ ಒಂದೇ. ಪ್ರತಿ ವರ್ಷ ಅಮ್ಮನದೊಂದು, ಅಕ್ಕನದೊಂದು, ತಮ್ಮನದೊಂದು ಹೊಸ ಗೊಂಬೆ ಸೇರಬೇಕು. ಒಂದು ಕಡಿಮೆಯಾದರೂ ತೋರಣ ಕಿಟಕಿಗೆ ಏರುವಂತಿಲ್ಲ. ಅಪ್ಪ ಮಾತ್ರ ಸೂಜಿ ಮುಟ್ಟುತ್ತಿರಲಿಲ್ಲ. "ನಂದು ಮೊಳೆ ಇಲಾಖೆ, ಸೂಜಿ ಇಲಾಖೆ ನಿಮ್ಮದು" ಎಂದು ಸುತ್ತಿಗೆ ಹಿಡಿದು ಕುರ್ಚಿ ಹತ್ತುತ್ತಿದ್ದ.

ಅಪ್ಪ ಮನೆಗೆ ತರುತ್ತಿದ್ದದ್ದು ಬೇರೆ. ಟಿಕೆಟಿಗೆ ತೂತು ಹಾಕುವ ಅವನ ಇಕ್ಕಳದಿಂದ ಉದುರಿದ ಕಾಗದದ ಚುಕ್ಕಿಗಳು, ಗುಲಾಬಿ, ಹಳದಿ, ಹಸಿರು. ಜೇಬಿನಲ್ಲಿ, ಅಂಗಿಯ ತೋಳಿನ ಮಡಿಕೆಯಲ್ಲಿ, ಕಿವಿಯಲ್ಲಿ.

"ಮೆಟ್ಟಿಲ ಹತ್ತಿರ ಒಂದ್ಸಲ ಮೈ ಕೊಡವಿಕೊಂಡು ಬರೋಕಾಗಲ್ವಾ?" ಎಂದು ಅಮ್ಮ ಗದರುತ್ತಿದ್ದಳು. "ಬೆಳಿಗ್ಗೆ ಬಾಚಣಿಗೇಲಿ ನಾಲ್ಕು ಸಿಕ್ತು."

"ಅದು ಕಸ ಅಲ್ಲ ಕಣೇ. ಒಂದೊಂದು ಚುಕ್ಕಿ ಒಬ್ಬೊಬ್ಬರ ಪ್ರಯಾಣ." ಹೀಗೆಂದು ಅಪ್ಪ ಅವನ್ನೆಲ್ಲ ಕಪಾಟಿನ ಮೇಲಿನ ಒಂದು ಡಬ್ಬಕ್ಕೆ ಸುರಿಯುತ್ತಿದ್ದ.

ಈಗ ಅಕ್ಕನ ವಿಷಯ. ಎಂಟು ವರ್ಷದವರೆಗೆ ಅವಳ ಕೈ ಎರಡೂ ಎಡಗೈ, ಮಾಡಿದ್ದೆಲ್ಲ ಸೊಟ್ಟ. ಅವಳು ಮಾಡಿದ ಬಾತುಕೋಳಿಯನ್ನು ನೋಡಿ ಕೆಳಗಿನ ಮನೆಯವರು "ಇನ್ನೊಂದು ಕಾಲಿಂದು ಎಲ್ಲಮ್ಮ?" ಎಂದು ಚಪ್ಪಲಿ ಹುಡುಕಿದ್ದರು. ಅವಳಿಗೆ ಎಂಟಾದ ವರ್ಷ ರಜೆಗೆ ಸರಿಯಾಗಿ ಮಕ್ಕಳಿಬ್ಬರಿಗೂ ಮಂಗನಬಾವು ಬಂತು. ಕೆನ್ನೆ ಊದಿ, ಜ್ವರ ಏರಿ, ಇಬ್ಬರೂ ಒಂದೇ ಮಂಚದ ಎರಡು ತುದಿಯಲ್ಲಿ ಬಿದ್ದಿದ್ದರು. ತೋರಣ ಏರುವುದಿಲ್ಲವೆಂದು ಅಕ್ಕ ಅಳುತ್ತಲೇ ನಿದ್ದೆಹೋದಳು. ಅಮ್ಮನಿಗೆ ಲಾಂಡ್ರಿಯಲ್ಲಿ ಕೈತುಂಬ ಕೆಲಸ. ಅಪ್ಪನಿಗೆ ಅಂದು ವಾರದ ರಜೆ.

ಅಕ್ಕ ಸಂಜೆ ಕಣ್ಣು ಬಿಟ್ಟಾಗ ದಿಂಬಿನ ಹತ್ತಿರ ಒಂದು ಬೂದು ಬಣ್ಣದ ಆನೆ ನಿಂತಿತ್ತು. ಬೀಳುವ ಪ್ರಶ್ನೆಯೇ ಇರಲಿಲ್ಲ, ಅದಕ್ಕೆ ಐದು ಕಾಲು. ಅಪ್ಪ ಬಗ್ಗಿ ಕಿವಿಯಲ್ಲಿ ಹೇಳಿದ: "ನೀನೇ ಮಾಡಿದ್ದು ಪುಟ್ಟಿ. ಜ್ವರದಲ್ಲೇ ಎದ್ದು ಕೂತು ಹೊಲಿದೆ. ನೆನಪಿಲ್ವಾ? ತಮ್ಮನ ಹತ್ತಿರ ಮಾತ್ರ ಬಾಯಿ ಬಿಡಬೇಡ. ಪಾಪ, ಅವನ ಕೈಲಿ ಏನೂ ಆಗಲಿಲ್ಲ, ಬೇಜಾರು ಮಾಡ್ಕೋತಾನೆ."

ಅಕ್ಕ ನೆನಪಿಸಿಕೊಂಡಳು. ಸ್ವಲ್ಪ ನೆನಪಾಯಿತು. ಮರುದಿನ ಇನ್ನೂ ಸ್ವಲ್ಪ. ವಾರ ಕಳೆಯುವಷ್ಟರಲ್ಲಿ ಸೂಜಿಗೆ ನೂಲು ಪೋಣಿಸಿದ್ದು, ಒಂದು ಕಾಲು ಹೆಚ್ಚಾದದ್ದು, ಬಿಡು ಇರಲಿ ಎಂದುಕೊಂಡದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಗಿತ್ತು.

ಅಲ್ಲಿಂದ ಅವಳ ಕೈ ತಿರುಗಿತು. ಜ್ವರದ ನಿದ್ದೆಯಲ್ಲೇ ಆನೆ ಮಾಡಿದ ಕೈಗೆ ಎಚ್ಚರದಲ್ಲಿ ಹಕ್ಕಿ ಯಾವ ಲೆಕ್ಕ? ಮುಂದಿನ ರಜೆಯಲ್ಲಿ ಅವಳು ಮಾಡಿದ ಮೀನು ಎಷ್ಟು ಚೆನ್ನಾಗಿತ್ತೆಂದರೆ ಪಕ್ಕದ ಮನೆಯ ಬೆಕ್ಕು ಮೂರು ದಿನ ಕಿಟಕಿಯ ಕೆಳಗಿಂದ ಏಳಲಿಲ್ಲ. ದೊಡ್ಡವಳಾದ ಮೇಲೆ ಅದೇ ಅವಳ ಕಸುಬಾಯಿತು. ಮನೆಯ ಮುಂದಿನ ಕೋಣೆಯಲ್ಲಿ ಕೂತು ಅಂಗಡಿಗಳಿಗೆ ಫೆಲ್ಟಿನ ಗೊಂಬೆ, ಉಲ್ಲನ್ ಚೆಂಡಿನ ತೋರಣ ಮಾಡಿಕೊಡುವುದು. ಕೆಲಸ ಕೈಕೊಟ್ಟಾಗಲೆಲ್ಲ, ಕತ್ತರಿ ಅಡ್ಡ ಹೋದಾಗಲೆಲ್ಲ, ಅವಳು ಆ ಆನೆಯನ್ನು ನೆನೆಯುತ್ತಿದ್ದಳು. ಕೈ ನೆಟ್ಟಗಾಗುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ತಮ್ಮ ಬೇಜಾರು ಮಾಡಿಕೊಂಡರೆ?

ನಲವತ್ತಮೂರು ವರ್ಷ ಕಳೆಯಿತು. ಅಪ್ಪ ಹೋಗಿ ಹನ್ನೊಂದು ವರ್ಷ. ತಮ್ಮ ಫ್ಯಾನು, ಮಿಕ್ಸಿ ರಿಪೇರಿ ಮಾಡಿಕೊಂಡು, ಅರ್ಧ ತಲೆ ಬೋಳಾಗಿ, ಅಕ್ಕನಿಗಿಂತ ದೊಡ್ಡವನಂತೆ ಕಾಣುತ್ತಿದ್ದ. ತೋರಣ ಬೆಳೆದೂ ಬೆಳೆದೂ ಕೋಣೆಗೆ ಮೂರು ಸುತ್ತು ಬರುತ್ತಿತ್ತು. ಕಳೆದ ರಜೆಯ ಮೊದಲ ದಿನ ಎಂಬತ್ತೆರಡರ ಅಮ್ಮ ಇಬ್ಬರನ್ನೂ ಕರೆಸಿ, ತೋರಣವನ್ನು ಮಂಚದ ಮೇಲೆ ಹರಡಿ, ಕತ್ತರಿ ಕೈಗೆತ್ತಿಕೊಂಡಳು.

"ನನ್ನ ಕಿಟಕಿಗೆ ಇಷ್ಟುದ್ದ ಯಾಕೆ? ಮೊನ್ನೆ ಎಡವಿ ಬೀಳೋದು ಸ್ವಲ್ಪದರಲ್ಲಿ ತಪ್ತು. ಇಬ್ಬರೂ ಹಂಚಿಕೊಳ್ಳಿ. ಮಾಡಿದವರದು ಮಾಡಿದವರಿಗೆ. ನಂದು ಅರ್ಧರ್ಧ."

ಹಂಚಿಕೆ ನಗುನಗುತ್ತಲೇ ನಡೆಯಿತು.

"ಈ ಚಪ್ಪಲಿ ನಿಂದು ತಾನೇ ಅಕ್ಕಾ?"

"ಬಾತುಕೋಳಿ ಕಣೋ ಅದು. ನಿನ್ನ ಈ ಆಲೂಗಡ್ಡೆ ತಗೋ."

"ಅದು ಚಂದ್ರ!"

ಆಮೇಲೆ ಆನೆ ಬಂತು. ಎರಡು ಕೈ ಒಟ್ಟಿಗೆ ಹೋದವು. ಅಕ್ಕ ಸೊಂಡಿಲು ಹಿಡಿದಳು, ತಮ್ಮ ಹಿಂದಿನ ಐದನೆಯ ಕಾಲು.

"ಬಿಡೋ, ಇದು ನಂದು."

"ನಿಂದು ಹೇಗಾಗುತ್ತೆ? ನಾನು ಮಾಡಿದ್ದು."

"ನೀನಾ? ನೀನು ಅವತ್ತು ಜ್ವರದಲ್ಲಿ ಕೊಡೆ ಹಿಡ್ಕೊಂಡು ಬಸ್ ಓಡಿಸ್ತೀನಿ ಅಂತ ಬಡಬಡಿಸ್ತಿದ್ದೆ!"

"ನೋಡಕ್ಕಾ, ಇಷ್ಟು ವರ್ಷ ನಿನಗೆ ಬೇಜಾರಾಗುತ್ತೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ. ಜ್ವರದಲ್ಲಿ ಎದ್ದು ಕೂತು ಹೊಲಿದವನು ನಾನು."

ಅಕ್ಕನಿಗೆ ಕಿವಿ ಗುಂಯ್ ಎಂದಿತು. ತನ್ನ ಮಾತನ್ನೇ ಇವನು ಎತ್ತಿಕೊಂಡು ಹೇಳುತ್ತಿದ್ದಾನಲ್ಲ! ಆನೆ ಹೋದರೆ ಹೋಗಲಿ, ಅದರ ಹಿಂದೆ ಮೀನು ಹೋಗುತ್ತದೆ, ಹಕ್ಕಿಗಳು ಹೋಗುತ್ತವೆ, ಮುಂದಿನ ಕೋಣೆಯಲ್ಲಿ ಕೂತ ಅಷ್ಟೂ ವರ್ಷ ಹೋಗುತ್ತದೆ. ಅವಳು ಎಳೆದಳು. ಅವನೂ ಎಳೆದ.

"ಅಮ್ಮಾ, ನೀನೇ ಹೇಳು, ಯಾರದ್ದು?"

"ನೀವಿಬ್ಬರೂ ಸೇರಿ ಮಾಡಿದ್ದು ಅಂತ ನಿಮ್ಮಪ್ಪ ಅಂದಿದ್ರು, ಎರಡು ಗೊಂಬೆ ಲೆಕ್ಕಕ್ಕೆ ಹಿಡಿದು ತೋರಣ ಏರಿಸಿದ್ವಿ" ಎಂದಳು ಅಮ್ಮ. "ಅದಕ್ಕೇ ಒಂದು ಕಾಲು ಜಾಸ್ತಿ ಅಂದ್ಕೊಂಡಿದ್ದೆ."

ಅಮ್ಮನ ಫೆಲ್ಟ್ ಹರಿಯುವ ಜಾತಿಯದಲ್ಲ, ಆಗಲೇ ಹೇಳಿದೆನಲ್ಲ. ಹರಿದದ್ದು ಹೊಲಿಗೆ. ಐದನೆಯ ಕಾಲಿನ ಬುಡ ಟಪ್ ಎಂದು ಬಿಟ್ಟಿತು. ಇಬ್ಬರೂ ಹಿಂದಕ್ಕೆ ಕುಸಿದು ಕೂತರು. ಆನೆಯ ಹೊಟ್ಟೆಯಿಂದ ಗುಲಾಬಿ, ಹಳದಿ, ಹಸಿರು ಚುಕ್ಕಿಗಳು ಬುಗ್ಗೆಯ ಹಾಗೆ ಚಿಮ್ಮಿ, ಮಂಚದ ಮೇಲೆ, ತಮ್ಮನ ಬೋಳುತಲೆಯ ಮೇಲೆ, ಅಮ್ಮನ ಮಡಿಲಲ್ಲಿ ಉದುರಿದವು. ಎಷ್ಟು ಹೊತ್ತು ಉದುರಿದವು ಅಂತೀರಿ? ಕೆಳಗೆ ನಿಲ್ದಾಣದಿಂದ ಎರಡು ಬಸ್ಸು ಹೊರಟುಹೋದವು, ಅಷ್ಟು ಹೊತ್ತು.

ಅಮ್ಮ ಒಂದು ಚುಕ್ಕಿಯನ್ನು ಬೆರಳತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದಳು.

"ಆ ವರ್ಷ ಡಬ್ಬ ಖಾಲಿಯಾಗಿತ್ತು" ಎಂದಳು. "ಎಸೆದ್ರು ಅಂದ್ಕೊಂಡೆ. ಸಾಯಂಕಾಲ ಬಂದು ನೋಡಿದ್ರೆ ಮೂರು ಬೆರಳಿಗೆ ಬಟ್ಟೆ ಸುತ್ಕೊಂಡಿದ್ರು. ಏನ್ರೀ ಅಂದ್ರೆ, ಬಸ್ಸಿನ ಬಾಗಿಲಿಗೆ ಸಿಕ್ತು ಅಂದ್ರು. ಅವತ್ತು ಅವರಿಗೆ ರಜೆ ಅಲ್ವಾ? ಯಾವ ಬಸ್ಸು, ಯಾವ ಬಾಗಿಲು! ನಲವತ್ತಮೂರು ವರ್ಷ ನನಗೆ ಹೊಳೀಲೇ ಇಲ್ಲ ನೋಡು."

"ನನ್ನ ಕಿವಿಯಲ್ಲಿ ಹೇಳಿದ್ರು" ಎಂದ ತಮ್ಮ ನಿಧಾನವಾಗಿ. "ಅಕ್ಕನಿಗೆ ಹೇಳಬೇಡ, ಪಾಪ, ಅವಳ ಕೈಲಿ ಏನೂ ಆಗಲಿಲ್ಲ ಅಂತ."

"ನನಗೂ ಅದನ್ನೇ" ಎಂದಳು ಅಕ್ಕ.

ತಮ್ಮ ನಗಲು ಶುರುಮಾಡಿದ. ಅಮ್ಮನೂ ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಅಕ್ಕ ನಗಲಿಲ್ಲ. ತನ್ನ ಎರಡು ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದಳು.

"ಹಾಗಾದ್ರೆ ನಾನು ಮಾಡಿದ್ದು ಯಾವುದಮ್ಮ?"

ಅಮ್ಮ ತೋರಣದಲ್ಲಿ ತಡಕಾಡಿ ಒಂದು ಮೀನು ಎತ್ತಿ ಅವಳ ಮಡಿಲಿಗೆ ಹಾಕಿದಳು. "ಇದು. ಮರು ವರ್ಷದ್ದು. ಜ್ವರ ಇರಲಿಲ್ಲ, ನಿದ್ದೆ ಇರಲಿಲ್ಲ, ನಿಮ್ಮಪ್ಪನೂ ಇರಲಿಲ್ಲ, ಡ್ಯೂಟಿಗೆ ಹೋಗಿದ್ರು. ನನ್ನ ಎದುರಿಗೇ ಕೂತು ಹೊಲಿದೆ. ನಾಲಿಗೆ ಹೊರಗೆ ಹಾಕ್ಕೊಂಡು."

ಅಕ್ಕ ಮೀನನ್ನು ಹಿಡಿದು ನೋಡಿದಳು. ಅಂಚಿನ ಹೊಲಿಗೆ ಇರುವೆ ಸಾಲಿನ ಹಾಗೆ ಸಮವಾಗಿತ್ತು. ಎಂಥ ಸುಳ್ಳು ಹೇಳಿ ಎಂಥ ಕೈ ಮಾಡಿಟ್ಟು ಹೋಗಿದ್ದಾನೆ ಈ ಮೊಳೆ ಇಲಾಖೆಯವನು! ಆಮೇಲೆ ಆನೆಯನ್ನು ಎತ್ತಿಕೊಂಡಳು. ಹೊಲಿಗೆಯ ಪ್ರತಿ ಹೆಜ್ಜೆಗೂ ಒಂದು ಗಂಟು, ಟಿಕೆಟ್ ಕಟ್ಟುಗಳಿಗೆ ಹಾಕುವಂಥ ಜೋಡಿ ಗಂಟು. ಇಷ್ಟು ವರ್ಷ ಅದನ್ನು ಜ್ವರದ ಗಂಟು ಅಂದುಕೊಂಡಿದ್ದಳು. ಐದನೆಯ ಕಾಲಿನ ತುದಿಯಲ್ಲಿ ನಾಲ್ಕು ಎಳೆ ಉಲ್ಲನ್ ಇತ್ತು. ಅವಳು ಅದನ್ನು ಈಗ ಮೊದಲ ಸಲ ಸರಿಯಾಗಿ ನೋಡಿದಳು.

"ಅಯ್ಯೋ, ಇದು ಕಾಲಲ್ಲ ಕಣೋ. ಬಾಲ! ಅಪ್ಪನ ದಪ್ಪ ಬೆರಳಿಗೆ ಇದಕ್ಕಿಂತ ಸಣ್ಣಗೆ ಬಂದಿಲ್ಲ."

ಈ ಸಲ ಅವಳೂ ನಕ್ಕಳು. ನಕ್ಕು ನಕ್ಕು ಸೆರಗು ಒದ್ದೆಯಾಯಿತು.

ಕತ್ತರಿ ಡ್ರಾಯರಿಗೆ ವಾಪಸಾಯಿತು. ಅಪ್ಪನದಾಗಿ ಆ ತೋರಣದಲ್ಲಿ ಇರುವುದು ಅದೊಂದೇ, ಅದನ್ನು ಯಾರ ಪಾಲಿಗೆ ಹಾಕುವುದು? ಮಧ್ಯಾಹ್ನವೆಲ್ಲ ತಮ್ಮ ತನ್ನ ರಿಪೇರಿಯ ಚಿಮಟ ಹಿಡಿದು ಹಾಸಿಗೆಯಿಂದ ಒಂದೊಂದೇ ಚುಕ್ಕಿ ಹೆಕ್ಕಿಕೊಟ್ಟ. ಅಕ್ಕ ತುಂಬಿದಳು. ಬಾಲದ ಬುಡವನ್ನು ಅವಳು ತನ್ನ ಇರುವೆಸಾಲಿನ ಹೊಲಿಗೆಯಲ್ಲಿ ಹೊಲಿಯಬಹುದಿತ್ತು. ಹೊಲಿಯಲಿಲ್ಲ. ಅಪ್ಪನ ಹಾಗೆಯೇ ಹೆಜ್ಜೆಗೊಂದು ಜೋಡಿ ಗಂಟು ಹಾಕುತ್ತ, ಸೊಟ್ಟಗೆ, ತುಂಬ ಕಷ್ಟಪಟ್ಟು ಹೊಲಿದಳು. ನಿದ್ದೆಯಲ್ಲಲ್ಲ, ಕಣ್ಣು ಬಿಟ್ಟುಕೊಂಡು. ಸಂಜೆಗೆ ತೋರಣ ಇಡಿಯಾಗಿ ಹಳೆಯ ಮೊಳೆಗೇ ಏರಿತು.

ಆ ಹೊಲಿಗೆ ಸ್ವಲ್ಪ ಸಡಿಲ. ಹಾಗಾಗಿ ಈಗಲೂ ಆಗಾಗ ಒಂದು ಚುಕ್ಕಿ ಕಿಟಕಿಯಿಂದ ಕೆಳಗೆ ಉದುರುತ್ತದೆ. ಹೋದ ವಾರ ಗುಲಾಬಿಯದೊಂದು ಉದುರಿ, ಗಾಳಿಯಲ್ಲಿ ತೇಲಿ, ನಿಲ್ದಾಣದಿಂದ ಹೊರಟಿದ್ದ ಬಸ್ಸಿನೊಳಗೆ ಹೋಗಿ, ಟಿಕೆಟ್ ಇಲ್ಲದೆ ಕೂತಿದ್ದ ಒಬ್ಬನ ಹಣೆಗೆ ಸರಿಯಾಗಿ ಅಂಟಿತು. ಬಸ್ಸು ತಾನಾಗಿಯೇ ನಿಂತಿತು. ಡ್ರೈವರ್ ಬ್ರೇಕ್ ಮುಟ್ಟಿರಲಿಲ್ಲ, ಬೇಕಾದರೆ ಕೇಳಿ. ಆಗ ಆ ಬಸ್ಸಿನ ಕಂಡಕ್ಟರ್ ಇಳಿದು, ಮೂರನೆಯ ಮಹಡಿಯ ಕಡೆ ಕತ್ತೆತ್ತಿ ನೋಡಿದರೆ, ಆನೆ ತನ್ನ ಆ ಬಾಲವನ್ನು ಎತ್ತಿ ಮೆಲ್ಲಗೆ... ರೀ, ಎಲ್ಲಿಗೆ ಹೊರಟಿರಿ? ಏಣಿ ಹಾಗೆ ಎಳೆಯಬೇಡಿ, ಅದರ ಐದನೆಯ ಮೆಟ್ಟಿಲು ಸಡಿಲ...